ಉಗ್ರಾಣದಲ್ಲೊಂದು ಗಾಜಿನ ತಟ್ಟೆ

ಭಾನುವಾರ ಬೆಳಕು ಹರಿಯುವ ಮುನ್ನವೇ ಧನುಶ್ರೀ ಉಗ್ರಾಣದೊಳಗೆ ದೀಪವನ್ನೂ ಹಾಕದೆ ತಡಕಾಡಿ, ನೆಲದ ಮೇಲೆ ಗಾಜಿನ ತಟ್ಟೆಯೊಂದನ್ನಿಟ್ಟು, ಅದಕ್ಕೆ ಸೀಸೆಯಿಂದ ಏನನ್ನೋ ಬಗ್ಗಿಸಿ ಬಾಗಿಲೆಳೆದುಕೊಂಡು ಬಂದಳು.

"ಅಪ್ಪಾ, ಸಂಜೆವರೆಗೂ ಈ ಬಾಗಿಲು ಯಾರೂ ತೆಗೀಬಾರದು. ಒಂದು ಗೆರೆ ಬೆಳಕು ಬಿದ್ರೂ ನನ್ನ ಆರು ತಿಂಗಳ ಕೆಲಸ ಹಾಳು."

"ತಟ್ಟೆ ಮುಚ್ಚಿಟ್ರೆ ಆಗಲ್ವೇನಮ್ಮಾ?"

"ಮುಚ್ಚಿದ್ರೆ ಆರಲ್ಲ. ಆರಿದ ಪುಡೀನ ನಾಳೆಯೇ ಮೈಸೂರಿನ ಲ್ಯಾಬಿಗೆ ತಲುಪಿಸ್ಬೇಕು, ಇಲ್ದಿದ್ರೆ ಕೆಡುತ್ತೆ."

ಅರಸೀಕೆರೆಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದ ಭೀಮರಾಜ್‌ಗೆ ಮಗಳ ಸಂಶೋಧನೆ ಅಷ್ಟಿಷ್ಟು ಅರ್ಥವಾಗಿತ್ತು. ರಕ್ತದಲ್ಲಿ ಕಾವಲು ಕಾಯುವ ಕೋಶಗಳಿಗೆ ಕೆಲವೊಮ್ಮೆ ವಿಪರೀತ ಸಿಟ್ಟು ಬಂದು ಮೈಯಲ್ಲಿ ಊತ, ಉರಿ ಏಳುತ್ತದೆ. ತಟ್ಟೆಯಲ್ಲಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣಗಳನ್ನು ಆ ಕೋಶಗಳೊಳಗೆ ಸೇರಿಸಿ ಬೆಳಕು ಬಿಟ್ಟರೆ ಅವುಗಳ ಸಿಟ್ಟು ಇಳಿಯುತ್ತದೆ. ಮೊದಲೇ ಬೆಳಕು ಕಂಡರೆ ಕಣಗಳು ಅಲ್ಲೇ ಕೆಲಸ ಮುಗಿಸಿ ಸುಮ್ಮನಾಗಿಬಿಡುತ್ತವೆ. ಇನ್ನೂ ಮನುಷ್ಯರಿಗೆ ಕೊಡುವ ಹಂತ ಬಂದಿರಲಿಲ್ಲ.

ಹಾಸನದಲ್ಲಿ ಪರೀಕ್ಷೆಯಿದ್ದುದರಿಂದ ಧನುಶ್ರೀ ಏಳೂವರೆಯ ಬಸ್ಸು ಹಿಡಿದಳು. ಅವಳ ತಾಯಿ ಮೀನಾಕ್ಷಿ ಜಾವಗಲ್ಲಿನ ತಂಗಿಯ ಮನೆಗೆ ಹೋಗಿದ್ದಳು. ಭೀಮರಾಜ್ ಉಗ್ರಾಣದ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಖಜಾನೆಯ ಪೋಲೀಸಿನವನಂತೆ ಕೂತರು.

ಒಂಬತ್ತು ಗಂಟೆಗೆ ಪಕ್ಕದ ಮನೆಯ ಸಾವಿತ್ರಮ್ಮ ಬಟ್ಟಲು ಹಿಡಿದು ನೇರ ಒಳಗೇ ಬಂದರು. ಅವರ ಮನೆಯಲ್ಲಿ ಇಲಿಕಾಟವೆಂದು ಅವರ ಉಪ್ಪಿನಕಾಯಿ ಜಾಡಿ ಇದೇ ಉಗ್ರಾಣದಲ್ಲಿ ವಾಸವಾಗಿತ್ತು.

"ವಸಿ ಜರುಗಿ ಮೇಷ್ಟ್ರೇ, ಎರಡು ಹೋಳು ತಕ್ಕಂಡು ಓಯ್ತೀನಿ."

"ಇವತ್ತು ಬೇಡಿ ಸಾವಿತ್ರಮ್ಮ. ಒಳಗೆ ಧನು ಒಂದು ಔಷಧಿ ಆರೋಕಿಟ್ಟವಳೆ."

"ಏತಕ್ಕೆ ಔಸ್ದಿ?"

ಭೀಮರಾಜ್‌ಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ಊತಕ್ಕೆ," ಎಂದುಬಿಟ್ಟರು.

ಅರ್ಧ ಗಂಟೆಯೊಳಗೆ ಇಡೀ ಬೀದಿಯ ಊತವೆಲ್ಲ ಅವರ ನಡುಮನೆಯಲ್ಲಿತ್ತು. ಚನ್ನಬಸವಯ್ಯನವರ ಮಂಡಿ ಹಲಸಿನಕಾಯಿಯಂತಾಗಿತ್ತು. ಸಣ್ಣತಾಯಮ್ಮ ಕುಂಟುತ್ತ ಬಂದು ಪಾದ ಮುಂದೆ ಚಾಚಿದರು.

"ಒಂದ್ ತೊಟ್ಟು ಸವರಿ ಮೇಷ್ಟ್ರೇ, ನಿಮ್ಗೆ ಪುಣ್ಯ ಬತ್ತದೆ," ಎಂದರು ಚನ್ನಬಸವಯ್ಯ.

"ಅಯ್ಯೋ, ಅದು ಇನ್ನೂ ಪ್ರಯೋಗದಾಗಿರೋದು ಕಣ್ರೀ! ಮನುಷ್ಯರಿಗಲ್ಲ!"

"ನಾವ್ ಮನುಷ್ಯರಲ್ಲ ಅಂದ್ಕಳಿ ಅತ್ಲಾಗೆ!"

ಸಾವಿತ್ರಮ್ಮನ ಕೈ ಬಾಗಿಲ ಮೇಲೆ ಬಿತ್ತು. ಭೀಮರಾಜ್ ಎರಡೂ ತೋಳು ಚಾಚಿ ಅಡ್ಡ ನಿಂತು, "ಮಧ್ಯಾಹ್ನ ಬನ್ನಿ, ನೋಡೋಣ," ಎಂದು ಹೇಗೋ ಎಲ್ಲರನ್ನೂ ಸಾಗಹಾಕಿದರು. ಆದರೆ ಮಧ್ಯಾಹ್ನ ದೂರವಿರಲಿಲ್ಲ, ಉಗ್ರಾಣಕ್ಕೆ ಚಿಲಕವೂ ಇರಲಿಲ್ಲ. ಆಗ ಅವರ ಕಣ್ಣು ಹಿತ್ತಲಿನ ಬೇವಿನ ಮರದ ಮೇಲೆ ಬಿತ್ತು.

ಬಾಗಿಲಿಗೆ ಬೇವಿನ ಸೊಪ್ಪು ಕಂಡರೆ ಆ ಮನೆಯಲ್ಲಿ ಯಾರಿಗೋ ಅಮ್ಮ ಆಗಿದೆಯೆಂದು ಜನ ದೂರದಿಂದಲೇ ಹೋಗುತ್ತಾರೆ. ಕಳೆದ ಬೇಸಿಗೆಯಲ್ಲಷ್ಟೇ ಇದೇ ಭೀಮರಾಜ್, "ಅದು ವೈರಸ್ಸು ಕಣ್ರೀ, ಸೊಪ್ಪು ಕಟ್ಟಿದ್ರೆ ಆಡು ಬರುತ್ತೆ ಅಷ್ಟೇ," ಎಂದು ಬೀದಿಗೆಲ್ಲ ಪಾಠ ಹೇಳಿದ್ದರು. ಈಗ ಆಚೀಚೆ ನೋಡಿ, ಕಳ್ಳನಂತೆ ಎರಡು ಕೊಂಬೆ ಮುರಿದು ತಂದು ಮುಂಬಾಗಿಲಿಗೆ ಸಿಕ್ಕಿಸಿದರು.

ಒಂದು ಗಂಟೆ ಮನೆ ತಣ್ಣಗಿತ್ತು. ಆಮೇಲೆ ಹೊರಗೆ ಗಂಟೆಯ ಸದ್ದು ಕೇಳಿತು.

ಭೀಮರಾಜ್ ಕಿಟಕಿಯಿಂದ ಇಣುಕಿದರು. ಏಳೆಂಟು ಹೆಂಗಸರು ತಲೆತುಂಬ ಸೆರಗು ಹೊದ್ದು, ತಂಬಿಟ್ಟಿನ ಆರತಿ ಹಿಡಿದು ಸಾಲಾಗಿ ಬರುತ್ತಿದ್ದರು. ಒಬ್ಬೊಬ್ಬರ ತಟ್ಟೆಯಲ್ಲೂ ಉರಿಯುವ ದೀಪ! ಮುಂದೆ ಸಾವಿತ್ರಮ್ಮ.

"ಮೇಷ್ಟ್ರೇ, ಯಾರ್ಗೆ ಆಗೈತೆ? ಉಗ್ರಾಣದಾಗೆ ಮಲಗ್ಸಿದ್ರಾ? ಅದ್ಕೇಯಾ ಬಾಗ್ಲು ಕಾಯ್ತಿದ್ದದ್ದು? ನಡೀರಿ, ಅಲ್ಲೇ ಬೆಳಗಾನ."

ಭೀಮರಾಜ್ ಗಬಕ್ಕನೆ ಕಂಬಳಿ ಹೊದ್ದು ನಡುಮನೆಯಲ್ಲಿ ಉರುಳಿಕೊಂಡರು. "ನನಗೇ! ನನಗೇ ಆಗಿರೋದು!"

ಏಪ್ರಿಲ್ ಬಿಸಿಲಿನಲ್ಲಿ ಕಂಬಳಿಯೊಳಗೆ ಅವರು ಬೇಯುತ್ತಿದ್ದರೆ, ಎಂಟು ಆರತಿಗಳು ಒಂದಾದ ಮೇಲೊಂದು ಮುಖದ ಮುಂದೆ ಸುತ್ತಿದವು. ಹಣೆಗೆ ಅರಿಶಿನ ಬಂತು, ತಲೆಯ ಮೇಲೆ ಬೇವಿನ ನೀರು ಬಂತು. ಆದರೂ ಆ ಕಷ್ಟದಲ್ಲಿ ಒಂದು ಸಂಗತಿ ಅವರ ಕಣ್ಣು ತಪ್ಪಲಿಲ್ಲ. ಸಣ್ಣತಾಯಮ್ಮ ಕುಂಟು ಕಾಲಿನಲ್ಲೇ ಬಿಸಿ ಆರಿಸಿದ ಮೊಸರನ್ನ ತಂದಿದ್ದರು. ಅಮ್ಮ ಆದವರ ಪಥ್ಯವೆಂದು ಅದರಲ್ಲಿ ಉಪ್ಪೂ ಒಗ್ಗರಣೆಯೂ ಇರಲಿಲ್ಲ. ಚನ್ನಬಸವಯ್ಯ ಆ ಮಂಡಿಯನ್ನು ಎಳೆದುಕೊಂಡು ಬಂದು ನಾಲ್ಕು ಎಳನೀರು ಇಟ್ಟು, ಔಷಧಿಯ ಮಾತನ್ನೇ ಎತ್ತದೆ ಹೋದರು.

ಸಾವಿತ್ರಮ್ಮ ಕಂಬಳಿ ಸರಿಸಿ ಬೆನ್ನು ನೋಡಿದರು. ಸೆಕೆಗೆ ಕೆಂಪು ಕೆಂಪಗೆ ಬೆವರುಸಾಲೆ ಎದ್ದಿತ್ತು. "ಶಿವಶಿವಾ, ಎಂಗೆ ತುಂಬ್ಕೊಂಡವ್ಳೆ ತಾಯಿ!" ಎಂದು ಗಲ್ಲ ಬಡಿದುಕೊಂಡರು.

ಉಗ್ರಾಣದ ಬಾಗಿಲನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಸಂಜೆ ಆರಕ್ಕೆ ಧನುಶ್ರೀ ಬಂದಳು. ಬಾಗಿಲಲ್ಲಿ ಸೊಪ್ಪು ಕಂಡು ಗಾಬರಿಯಾಗಿ, ಅಪ್ಪನ ಕತೆ ಕೇಳಿ ನಕ್ಕು ನಕ್ಕು ಸುಸ್ತಾದಳು. ಕತ್ತಲಾದ ಮೇಲೆ ದೀಪ ಹಾಕದೆಯೇ ಪುಡಿಯನ್ನು ಕಪ್ಪು ಸೀಸೆಗೆ ತುಂಬಿಕೊಂಡು ಹೊರಬಂದು, "ಚೆನ್ನಾಗಿ ಆರಿದೆ ಅಪ್ಪಾ! ನೀವಿಲ್ದಿದ್ರೆ ಇದು ಉಳೀತಿರಲಿಲ್ಲ," ಎಂದಳು. ಭೀಮರಾಜ್ ಅರಿಶಿನದ ಹಣೆಯಲ್ಲೇ ಬೀಗಿದರು.

ಅಷ್ಟರಲ್ಲಿ ಫೋನ್ ರಿಂಗಾಯಿತು. ಮೈಸೂರಿನಿಂದ ಅವಳ ಗೈಡು.

"ನಿಮ್ಮ ತಂದೆಗೆ ಚಿಕನ್ ಪಾಕ್ಸ್ ಅಂತೆ? ಮಧ್ಯಾಹ್ನ ಸಾವಿತ್ರಮ್ಮ ಅನ್ನೋರು ನಿಮ್ಮನೆ ಕ್ಯಾಲೆಂಡರ್ ಮೇಲಿದ್ದ ನಂಬರ್ ನೋಡಿ ಫೋನ್ ಮಾಡಿ, ಹುಡುಗಿಗೆ ರಜ ಕೊಡಿ ಅಂದ್ರು. ನೋಡಮ್ಮ, ನಾವಿಲ್ಲಿ ರಕ್ತದ ಕೋಶಗಳನ್ನ ಬೆಳೆಸ್ತಿದ್ದೀವಿ. ಮೂರು ವಾರ ನೀನೂ ಲ್ಯಾಬಿಗೆ ಬರೋ ಹಾಗಿಲ್ಲ, ಆ ಮನೆಯಿಂದ ಒಂದು ಸೀಸೆಯೂ ಬರೋ ಹಾಗಿಲ್ಲ."

ಭೀಮರಾಜ್ ಫೋನ್ ಕಿತ್ತುಕೊಂಡರು. "ಸಾರ್, ನನಗೆ ಏನೂ ಆಗಿಲ್ಲ! ನಾನು ಸುಳ್ಳು ಹೇಳಿದ್ದೆ!"

"ಮಗಳ ಕೆಲಸ ನಿಲ್ಲಬಾರದು ಅಂತ ಹೀಗಂತೀರಿ, ಪಾಪ. ಅಕ್ಕಪಕ್ಕದವರು ಯಾರಾದ್ರೂ ಹೇಳ್ಲಿ, ನಂಬ್ತೀನಿ."

ಸರಿಯಾಗಿ ಆ ಹೊತ್ತಿಗೆ ರಾತ್ರಿಯ ಮೊಸರನ್ನ ಹಿಡಿದು ಸಾವಿತ್ರಮ್ಮ ಒಳಗೆ ಬಂದರು. ಭೀಮರಾಜ್ ಅವರ ಕೈಗೆ ಫೋನ್ ತುರುಕಿ, "ಮೈಸೂರಿನ ಮೇಷ್ಟ್ರು. ನನಗೇನೂ ಇಲ್ಲ ಅಂತ ಹೇಳಿ, ದಮ್ಮಯ್ಯ," ಎಂದು ಪಿಸುಗುಟ್ಟಿದರು.

ಸಾವಿತ್ರಮ್ಮ ಧನುಶ್ರೀಯ ಬಾಡಿದ ಮುಖ ನೋಡಿದರು, ಅಪ್ಪನ ಕೆಂಪು ಕತ್ತು ನೋಡಿದರು. ಅವರ ಕಣ್ಣು ತುಂಬಿತು.

"ನೋಡಿ ಸಾಮಿ, ಈವಯ್ಯ ಇಲ್ಲ ಅಂತ್ಲೇ ಅನ್ನೋದು, ಮಗಳ ಓದು ಕೆಟ್ಟಾತು ಅಂತ. ನಂಬ್ಬ್ಯಾಡಿ! ನಾನೇ ಕಣ್ಣಾರೆ ನೋಡಿವ್ನಿ, ಬೆನ್ನು ತುಂಬ, ಸೂಜಿ ಊರಕ್ಕೆ ಜಾಗ ಇಲ್ಲ!"

ಆ ಕಡೆಯ ಮಾತು ಕೇಳಿ, ಇನ್ನೆರಡು ಮಾತಾಡಿ ಫೋನಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಧನುಶ್ರೀಯ ತಲೆ ಸವರಿದರು.

"ಮೂರಲ್ಲ ಕಣವ್ವ, ನಾಕು ವಾರ ರಜ ಕೊಡ್ಸಿವ್ನಿ. ನಿಮ್ಮಪ್ಪನ ತಾವ ನೆಮ್ಮದಿಯಾಗಿರು."