ಅತ್ತೆಯ ಹತ್ತನೆಯ ಹಡಗು

ನಮ್ಮತ್ತೆಗೆ, ಅಂದರೆ ಅಪ್ಪನ ಅಕ್ಕನಿಗೆ, ಹಟ ಜಾಸ್ತಿ, ಅದಕ್ಕೇ ವಿಡಿಯೊ ಗೇಮಿನಲ್ಲೂ ಯಾರ ನೆರವನ್ನೂ ಒಲ್ಲೆ ಅನ್ನುತ್ತಾಳೆ ಎಂದು ರಾಣೆಬೆನ್ನೂರಿನ ನಮ್ಮ ಬಂಧುಬಳಗವೆಲ್ಲ ಹೇಳುತ್ತದೆ. ಸುಳ್ಳು! ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮೂರು ವರ್ಷ ಗಂಟಲು ಹರಿದುಕೊಂಡವಳು ನಾನು. ಪುರಾವೆಯಿಲ್ಲದ ಮಾತನ್ನು ಹೆತ್ತಪ್ಪ ಆಡಿದರೂ ಬಿಡುವವಳಲ್ಲ.

ನಿವೃತ್ತಿಯಾದ ಮೇಲೆ ಅತ್ತೆ ಹಿಡಿದ ಕೆಲಸ ಟಿವಿಯ ಮುಂದೆ ಕೂತು ಬಾಹ್ಯಾಕಾಶದ ಹಡಗುಗಳನ್ನು ಉರುಳಿಸುವುದು. ಓಡುವ ವೈರಿ ಹಡಗಿನ ಮುಂದೆ ಒಂದು ಹಸಿರು ಉಂಗುರ ಮೂಡುತ್ತದೆ. ಗುಂಡು ತಲುಪುವ ಹೊತ್ತಿಗೆ ಹಡಗು ಎಲ್ಲಿರುತ್ತದೆಂದು ಯಂತ್ರವೇ ಊಹಿಸಿ ತೋರಿಸುವ ಜಾಗ ಅದು. ಅಲ್ಲಿಗೆ ಹೊಡೆದರಾಯಿತು. ಕೊಂಚ ತಪ್ಪಿದರೂ ಇನ್ನೊಂದು ನೆರವಿದೆ, ಗುಂಡನ್ನೇ ಬಾಗಿಸಿ ಮುಟ್ಟಿಸುತ್ತದೆ. ಎಂಥ ಸೌಲಭ್ಯ! ಅತ್ತೆ ಮೊದಲ ದಿನವೇ ಎರಡನ್ನೂ ಬಂದ್ ಮಾಡಿದಳು.

"ಯಾಕ ಅತ್ತೀ?"

"ಹಾವೇರಿ ಬಸ್‌ಸ್ಟ್ಯಾಂಡಿನ್ಯಾಗ ನನಗ ಯಾರು ಉಂಗುರ ತೋರಸ್ತಿದ್ರು?"

ಇದೇ ಪುರಾವೆ. ಆಕೆಯ ಕಚೇರಿ ಹಾವೇರಿಯಲ್ಲಿತ್ತು. ಸಂಜೆ ಬಸ್ಸು ನಿಲ್ದಾಣದೊಳಗೆ ತಿರುಗುತ್ತಲೇ ಸೀಟು ಹಿಡಿಯಲು ಎಲ್ಲರೂ ಟವೆಲ್ಲು, ಕರ್ಚೀಫು ಹಿಡಿದು ಕಿಟಕಿಗಳ ಬೆನ್ನು ಹತ್ತುತ್ತಿದ್ದರು. ಅತ್ತೆ ಓಡುತ್ತಿರಲಿಲ್ಲ. ಖಾಲಿ ಜಾಗದಲ್ಲಿ ನಿಂತು, ಊಟದ ಡಬ್ಬಿಯ ಚೀಲವನ್ನು ಖಾಲಿ ಗಾಳಿಗೆ ಒಗೆಯುತ್ತಿದ್ದಳು. ಮೂರನೆಯ ಕಿಟಕಿ ತಾನಾಗಿ ಬಂದು ಚೀಲವನ್ನು ನುಂಗುತ್ತಿತ್ತು! ಒಮ್ಮೆ ಮಾತ್ರ ಅದು ಕಂಡಕ್ಟರನ ಎದೆಗೆ ಬಡಿದು, ಡಬ್ಬಿಯಲ್ಲಿ ಉಳಿದಿದ್ದ ಕೆಂಪು ಚಟ್ನಿ ಅಂಗಿಗೆಲ್ಲ ಹರಿಯಿತು. "ನಾ ತಪ್ಪಿಲ್ಲ, ಡ್ರೈವರ್ ಬ್ರೇಕ್ ಒತ್ತಿದ" ಎಂದು ಈಗಲೂ ವಾದಿಸುತ್ತಾಳೆ. ಅಂಗಿಯ ಬಣ್ಣ ಹೋಗಲೇ ಇಲ್ಲವಂತೆ. ಬ್ಯಾಡಗಿ ಮೆಣಸಿನಕಾಯಿ ಎಂದರೆ ಸುಮ್ಮನೆಯೇ?

ನಾನೂ ಬಿಡಲಿಲ್ಲ. "ನೆರವು ತಗೊಂಡ್ರ ಯಾರಿಗೇನು ನಷ್ಟ? ಕನ್ನಡಕ ಹಾಕ್ಕೊಂತೀಯಲ್ಲ, ಅದೂ ನೆರವ ಅಲ್ಲೇನು?"

"ಕನ್ನಡಕ ತೋರಸ್ತೈತಿ ಹುಡುಗಿ, ಹೊಡಿಯೂದಿಲ್ಲ."

ಮೂರು ವರ್ಷ ಚರ್ಚೆಯಲ್ಲಿ ಗೆದ್ದ ಕಪ್ಪುಗಳೆಲ್ಲ ಕಪಾಟಿನಲ್ಲೇ ನಾಚಿಕೊಂಡವು.

ಈ ವರ್ಷ ಆಕೆಯ ಎಡಗಣ್ಣು ಮಸುಕಾಯಿತು. ಅಪ್ಪ ಸ್ಕೂಟರಿನ ಕೀಲಿ ಕಿತ್ತುಕೊಂಡ. ವಾರಕ್ಕೊಮ್ಮೆ ಒಬ್ಬಳೇ ಬ್ಯಾಡಗಿಯ ಗೆಳತಿಯ ಮನೆಗೆ ಹಾರಿಹೋಗುತ್ತಿದ್ದ ಸ್ಕೂಟರು ಅದು.

"ಒಂದ ಕಣ್ಣಿನ್ಯಾಗ ಎದುರಿನ ಗಾಡಿ ಎಷ್ಟು ದೂರ ಐತಿ ಅಂತ ಹೆಂಗ ತಿಳೀಬೇಕಕ್ಕಾ?"

"ಓಡೂ ಹಡಗು ಹತ್ತು ಹೊಡೀತೇನಿ, ಒಂದೂ ತಪ್ಪದಂಗ. ತಪ್ಪಿದ್ರ ಸ್ಕೂಟರ್ ಮುಟ್ಟೂದಿಲ್ಲ."

ಸೋಲುತ್ತಾಳೆಂಬ ಧೈರ್ಯದಲ್ಲಿ ಅಪ್ಪ ಒಪ್ಪಿದ. ತೀರ್ಪುಗಾರ್ತಿ ನಾನು.

ಒಂಬತ್ತು ಬಿದ್ದವು. ಕಣ್ಣಿಗೆ ಔಷಧಿ ಹಾಕಿಕೊಳ್ಳಲು ಅತ್ತೆ ಒಳಗೆ ಹೋದಳು. ಅಪ್ಪ ಫೋನಿನಲ್ಲಿದ್ದ. ಉಂಗುರ ಹಚ್ಚಿದರೆ ಕಂಡುಬಿಡುತ್ತದೆಂದು, ಗುಂಡು ಬಾಗಿಸುವ ನೆರವನ್ನಷ್ಟೇ ಮೆಲ್ಲಗೆ ಹಚ್ಚಿಬಿಟ್ಟೆ. ಯಾರಿಗೇನು ನಷ್ಟ?

ಹತ್ತನೆಯ ಹಡಗು ಚೂರಾಯಿತು. ಅಪ್ಪ ಕೀಲಿ ಚಾಚಿದ. ಅತ್ತೆ ತೆರೆಯನ್ನು ನೋಡಿದಳು, ಆಮೇಲೆ ನನ್ನನ್ನು.

"ಗುಂಡು ಬಾಗೇತಿ" ಎಂದಳು, ನನಗಷ್ಟೇ ಕೇಳುವಂತೆ. ಅಪ್ಪನಿಗೆ ಹೇಳಿದ್ದು ಬೇರೆ: "ನನ್ನ ಕೈ ತಪ್ಪಿತ್ತಪಾ, ಹೆಂಗೋ ತಗಲೇತಿ. ಕೀಲಿ ನೀನ ಇಟ್ಕೋ."

ತನ್ನ ತಪ್ಪನ್ನು ಡ್ರೈವರನ ಬ್ರೇಕಿನ ಮೇಲೆ ಹಾಕುವವಳು, ನನ್ನದನ್ನು ತನ್ನ ಕೈಯ ಮೇಲೆ ಹಾಕಿಕೊಂಡಳು!

ಅಡುಗೆಮನೆಗೆ ಬೆನ್ನುಹತ್ತಿ ಹೋಗಿ, "ಇನ್ನೊಮ್ಮೆ ಆಡು ಅತ್ತೀ" ಎಂದು ಗೋಗರೆದೆ.

"ಚೀಲ ಎರಡನೇ ಸಲ ಒಗೀಲಿ ಅಂತ ಬಸ್ಸು ನಿಂದರತೈತೇನು?"

ಈಗ ಬ್ಯಾಡಗಿಗೆ ಬಸ್ಸಿನಲ್ಲೇ ಹೋಗುತ್ತಾಳೆ. ಹತ್ತಿಸಲು ನಾನೂ ಹೋಗುತ್ತೇನೆ. ಚೀಲ ಇನ್ನೂ ಆಕೆಯೇ ಒಗೆಯುತ್ತಾಳೆ, ಖಾಲಿ ಗಾಳಿಗೆ. ಹಟವಂತೆ! ಹಾಗನ್ನುವವರು ಬಂದು ನೋಡಲಿ. ಕಿಟಕಿ ಇನ್ನೂ ಬಂದು ಚೀಲವನ್ನು ನುಂಗುತ್ತದೆ.

ಆದರೆ ಅತ್ತೀ, ಖರೇ ಹೇಳು: ನಾನು ಸುಮ್ಮನಿದ್ದಿದ್ದರೆ ಆ ಹತ್ತನೇದೂ ನಿನ್ನ ಕೈಯಿಂದಲೇ ಬೀಳುತ್ತಿತ್ತೇನು?