ಜೌಗಿನೊಳಗೆ ಮೂರನೇ ಕೂಗು

ಹೆದರಿಕೆಯನ್ನ ನಾವು ಯಾವತ್ತೂ ಹುಡುಕ್ಕೊಂಡು ಹೋದವರಲ್ಲ. ಹಿತ್ತಲ ಬೇಲಿ ದಾಟಿದರೆ ಕೆರೆಯ ಜೌಗು. ಬೆಳಗಾಗೋಷ್ಟರಲ್ಲಿ ಹೆದರಿಕೆ ತಾನಾಗಿ ಬಂದು ಜಗುಲಿ ಮೇಲೆ ಕೂತಿರುತ್ತೆ. ಒಂದು ದಿನ ಹಾವು, ಒಂದು ದಿನ ಜಿಗಣೆ, ಇನ್ನೊಂದು ದಿನ ಯಾರೂ ಇಲ್ಲದ ಕಡೆಯಿಂದ ಯಾರದೋ ಕೆಮ್ಮು.

ನಮ್ಮೂರು ಶ್ರೀನಿವಾಸಪುರಕ್ಕೂ ಮುಳಬಾಗಿಲಿಗೂ ನಡುವೆ. ಕೆರೆ ಏರಿಯ ಕಡೆ ನೀರು, ಹಿಂದುಗಡೆ ಆಳೆತ್ತರದ ಜೊಂಡು, ಅದರ ಬುಡದಲ್ಲಿ ತಳ ಸಿಗದ ಕೆಸರು. ಆ ಜೊಂಡು ಕುಯ್ದು ಚಾಪೆ ಹೆಣೆಯೋದು ನಮ್ಮ ಕೇರಿಯವರ ಕಸುಬು. ಮೇಷ್ಟರ ಕೊಡೆಯೊಳಗೆ ನೀರುಹಾವು ಬಿಟ್ಟಿದ್ದಕ್ಕೆ ಮೂರನೇ ಕ್ಲಾಸಿಗೇ ಸ್ಕೂಲು ನನ್ನನ್ನು ಬಿಟ್ಟುಬಿಟ್ಟಿತು. ಅಲ್ಲಿಂದ ಈಚೆಗೆ ಅಜ್ಜಿಯೇ ನನ್ನ ಮೇಷ್ಟ್ರು. ಅವಳು ಕೊಟ್ಟಿರೋ ಪಾಠವೂ ಒಂದೇ, ಎಮ್ಮೆ ಕಾಯೋದು. ಮನೇಲಿ ಇರೋದು ಅದೊಂದೇ ಎಮ್ಮೆ, ಈಗ ಅದು ತುಂಬಿದ ಗಬ್ಬ.

"ಲೇ, ಅದು ಕೆಸರಲ್ಲಿ ಸಿಕ್ಕೊಂಡ್ರೆ ಎಮ್ಮೇನೂ ಹೋಯ್ತು, ಹೊಟ್ಟೇಲಿರೋ ಕರೂನೂ ಹೋಯ್ತು. ಆಮೇಲೆ ನಾವು ಜೊಂಡು ಬೇಯಿಸ್ಕೊಂಡು ತಿನ್ಬೇಕು ಕಣೋ" ಅಂತ ಅಜ್ಜಿ ದಿನಾ ಹೇಳೋಳು.

ಭಾವ ಓ ಅಂದದ್ದು

ನಮ್ಮ ಜೌಗಿಗೆ ಒಂದು ಕಟ್ಟಳೆ ಇದೆ. ಅಲ್ಲಿ ಯಾರು ಕರೆದರೂ ಮೂರನೇ ಕೂಗಿಗೇ ಓಗೊಡಬೇಕು. ಕೆಸರಲ್ಲಿ ಹೂತು ಸತ್ತವರ ದೆವ್ವಕ್ಕೆ ಎರಡು ಸಲ ಕೂಗೋಷ್ಟೇ ಉಸಿರಿರುತ್ತಂತೆ. ಆತುರಪಟ್ಟು ಅಷ್ಟರೊಳಗೆ ಓ ಅಂದರೆ ಮುಗೀತು, ಕಾಲು ಹಿಡಿದು ಒಳಕ್ಕೆ ಕರ್ಕೊಂಡು ಹೋಗುತ್ತೆ.

ನಮ್ಮ ಭಾವ ಟೇಕಲ್‌ನವರು. ರೈಲು ನೋಡ್ಕೊಂಡು ಬೆಳೆದವರು, ಕೆಸರು ಕಂಡವರಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಮನೇಲಿ ಒಳ್ಳೇ ಹೆಸರು ತಗೋಬೇಕು ಅಂತ ಕುಡುಗೋಲು ಹಿಡಿದು ನಮ್ಮ ಜೊತೆ ಜೊಂಡಿಗಿಳಿದರು. ಮಧ್ಯಾಹ್ನ ಅಕ್ಕ ಬುತ್ತಿ ತಂದು ದಡದಿಂದ "ರೀ..." ಅಂದಳು. ಭಾವ ಠಪ್ಪನೆ "ಓ..." ಅಂದುಬಿಟ್ಟರು.

ಕುಯ್ಯುತ್ತಿದ್ದ ಆರು ಕುಡುಗೋಲೂ ನಿಂತವು. ಜೊಂಡು ಅಲ್ಲಾಡಲಿಲ್ಲ. ಎಲ್ಲಿಂದಲೋ ಒಂದು ಗುಳ್ಳೆ ಬುಳಕ್ ಅಂತು. ಅಷ್ಟೇ, ಬಿದ್ದಂಬೀಳ ಓಡಿದೆವು. ಯಾಕೆ ಏನು ಅಂತ ಗೊತ್ತಿಲ್ಲದ ಭಾವ ಎಲ್ಲರಿಗಿಂತ ಮುಂದಿದ್ದರು.

ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಭಾವ ಕೆಮ್ಮುತ್ತಾ ಕೇಳಿದರು, "ಹೆಂಡತಿ ಕರೆದ್ರೂ ಓ ಅನ್ಬಾರ್ದೇನಜ್ಜಿ?"

"ಅನ್ನಿ ಅಳಿಯಂದಿರೇ, ಬೇಡ ಅಂದೋರ್ಯಾರು? ಮೂರು ಸಲ ಕರೆಸ್ಕೊಂಡು ಅನ್ನಿ."

ಭಾವ ಈ ಕಟ್ಟಳೆಯನ್ನ ಟೇಕಲ್‌ನ ಮನೆಗೂ ತಗೊಂಡು ಹೋದರು. ಸೌದೆ ಒಡೆಯೋಕೆ ಕರೆದರಂತೂ ಹತ್ತು ಕೂಗಿಗೂ ಓಗೊಡಲ್ಲ ಅಂತ ಅಕ್ಕ ಬಂದಾಗಲೆಲ್ಲ ಅಳ್ತಾಳೆ.

ನೀರಗಂಟಿ ತಾತನ ಜ್ವರ

ತೂಬು ತೆಗೆದು ಗದ್ದೆಗಳಿಗೆ ನೀರು ಬಿಡೋ ನೀರಗಂಟಿ ತಾತ ಊರಿಗೆಲ್ಲ ಧೈರ್ಯ ಹಂಚೋರು. "ದೆವ್ವ ಮೂರನೇದು ಕೂಗ್ಲಿ ನೋಡೋಣ, ನಾನೇ ಹೋಗಿ ಮಾತಾಡಿಸ್ತೀನಿ" ಅನ್ನೋರು. ಅಂಥವರನ್ನ ಸುಮ್ಮನೆ ಬಿಡೋಕಾಗುತ್ತಾ?

ಒಂದು ಸಂಜೆ ಜೊಂಡಿನೊಳಗೆ ಕುಕ್ಕರಗಾಲಲ್ಲಿ ಕೂತು, ಬಾಯಿಗೆ ಒಡೆದ ಮಡಕೆ ಹಿಡ್ಕೊಂಡು "ತಾತಾ..." ಅಂದೆ. ತಾತ ನಿಂತರು. ಮತ್ತೆ "ತಾತಾ..." ಅಂದೆ. ಅವರು ಕೈಲಿದ್ದ ಸಲಿಕೆ ಎದೆಗವಚ್ಕೊಂಡು ಸುತ್ತ ನೋಡಿದರು. ಮೂರನೇದೂ ಕೂಗಿದೆ. ತಾತ ದೊಡ್ಡದಾಗಿ ಉಸಿರುಬಿಟ್ಟು ನಕ್ಕರು. "ಓ... ಮನುಷ್ಯರೇನಾ? ಯಾರಪ್ಪಾ ಅದು, ಈಚೆ ಬಾ."

ನಾನು ಬರಲಿಲ್ಲ. ಉಸಿರು ಬಿಗಿಹಿಡಿದು ಕೂತೆ. ಜೊಂಡು ಸರ್ ಅಂತು.

ನಮ್ಮೂರವರದು ದಿನದ ಮಾತು ಕನ್ನಡ, ಹೆದರಿದಾಗ ತೆಲುಗು. "ಅಯ್ಯೋ ದೇವುಡಾ!" ಅನ್ನೋದು ಕೇಳಿಸ್ತು, ಸಲಿಕೆ ಬಿದ್ದಿದ್ದು ಕಾಣಿಸ್ತು, ತಾತ ಮಾತ್ರ ಕಾಣಲಿಲ್ಲ. ಬಿದ್ದು ಬಿದ್ದು ನಕ್ಕೆ. ನಗು ಮುಗಿದ ಮೇಲೆ ಆ ಜೊಂಡಿನಲ್ಲಿ ನಾನೊಬ್ಬನೇ ಇದ್ದೀನಿ ಅನ್ನೋದು ಹೊಳೀತು. ಬೆನ್ನ ಹಿಂದೆ ಏನೋ ಪುಳಕ್ ಅಂತು. ತಿರುಗಿ ನೋಡಲಿಲ್ಲ. ಅವತ್ತು ನಾನು ಓಡಿದ್ದು ತಾತನಿಗಿಂತ ಜೋರು.

ತಾತನಿಗೆ ಮೂರು ದಿನ ಜ್ವರ. ನಿಜ ಹೇಳೋಣ ಅಂದರೆ ಏಟಿನ ಭಯ. ಸುಮ್ಮನಿದ್ದೆ. ಊರ ಹಿರಿಯರು ಅರಳಿಕಟ್ಟೆ ಮೇಲೆ ಸೇರಿದರು. ದೆವ್ವ ಮೂರನೇ ಕೂಗನ್ನೂ ಕಲಿತುಬಿಟ್ಟಿದೆ, ಇನ್ನು ಮೇಲೆ ಐದು ಕೂಗಿಗೇ ಓಗೊಡಬೇಕು ಅಂತ ತೀರ್ಮಾನ ಮಾಡಿದರು.

"ಯುದ್ಧ ಬಂದ್ಮೇಲೆ ಸೀಮೆಎಣ್ಣೆ ಬೆಲೆ ಏರ್ತು, ಬಟ್ಟೆ ಏರ್ತು. ಈಗ ಇದೂ ಏರ್ತಲ್ಲಪ್ಪಾ" ಅಂತ ಒಬ್ಬ ಮುದುಕ ನಿಟ್ಟುಸಿರು ಬಿಟ್ಟ.

ಎಮ್ಮೆ ಮತ್ತು ನಾನು

ಅದಾಗಿ ವಾರ ಕಳೆದಿರಲಿಲ್ಲ. ಮಟಮಟ ಮಧ್ಯಾಹ್ನ ಹೊಂಗೆ ನೆರಳಲ್ಲಿ ಒಂದು ಜೋಂಪು ಬಂತು. ಕಣ್ಣು ಬಿಟ್ಟರೆ ಎಮ್ಮೆ ಇಲ್ಲ. ಜೊಂಡು ಸೀಳ್ಕೊಂಡು ಹೋದ ದಾರಿ ಮಾತ್ರ ಇದೆ.

ಹೋಗಿ ನೋಡಿದರೆ ಹೊಟ್ಟೆ ಮುಳುಗೋವರೆಗೆ ಹೂತು ನಿಂತಿದೆ. ಕಣ್ಣು ಬೆಳ್ಳಗಾಗಿದೆ. ಕೊರಳ ಹಗ್ಗ ಹಿಡಿದು ಎಳೆದೆ. ಅದು ಮೇಲೆ ಬರಲಿಲ್ಲ, ನಾನು ಕೆಳಗೆ ಹೋದೆ. ಮೊಣಕಾಲು ಹೋಯ್ತು, ಸೊಂಟ ಹೋಯ್ತು. ಕೆಸರು ಮೇಲೆ ಬೆಚ್ಚಗಿದ್ದರೂ ಒಳಗೆ ಹೆಣದ ಹಾಗೆ ತಣ್ಣಗಿರುತ್ತೆ. ಕಾಲಿಗೆ ಏನೂ ಸಿಗಲ್ಲ. ಅಲ್ಲಾಡಿದರೆ ಒಂದು ಗೇಣು ಕೆಳಗೆ, ಅಲ್ಲಾಡದಿದ್ದರೆ ಒಂದು ಬೆರಳು ಕೆಳಗೆ. ಕುತ್ತಿಗೆಗೆ ಜಿಗಣೆ ಹತ್ತಿತು, ಕೀಳೋಣ ಅಂದರೆ ಹಗ್ಗ ಬಿಡೋಕೆ ಧೈರ್ಯ ಇಲ್ಲ.

"ಅಜ್ಜೀ!" ಅಂತ ಅರಚಿದೆ. ದಡಕ್ಕೆ ಜನ ಓಡಿಬಂದಿದ್ದು ಕೇಳಿಸ್ತು. ಜೊಂಡಿನ ಮರೆಯಲ್ಲಿ ನಾನು ಕಾಣದೆ ಬಂದವರು ಅಲ್ಲೇ ನಿಂತರು.

"ಒಂದು" ಅಂದರು ನೀರಗಂಟಿ ತಾತ.

"ಅಜ್ಜೀ!"

"ಎರಡು."

ಮೂರಾಯ್ತು, ನಾಲ್ಕಾಯ್ತು. ಐದನೇದಕ್ಕೆ ಬಾಯಿ ತೆಗೆದರೆ ದನಿಯೇ ಇಲ್ಲ, ಬರೀ ಗಾಳಿ. ಅಷ್ಟರಲ್ಲಿ ಪಕ್ಕದಲ್ಲಿ ಎಮ್ಮೆ "ಓಂಯ್" ಅಂತು.

"ಐದು! ಇಳೀರ್ರೋ!" ಅಂದ ಒಬ್ಬ.

"ಏಯ್, ಅದು ಎಮ್ಮೆ ಕಣೋ. ಎಮ್ಮೆದು ಹೆಂಗೆ ಸೇರುತ್ತೆ?"

"ಯಾಕೆ ಸೇರಲ್ಲ? ಮನುಷ್ಯರೇ ಕೂಗ್ಬೇಕು ಅಂತ ಕಟ್ಟೆ ಮೇಲೆ ಯಾರಾದ್ರೂ ಹೇಳಿದ್ರಾ?"

ಅವರು ಅಲ್ಲಿ ನ್ಯಾಯ ಮಾಡ್ತಿದ್ದರೆ ಇಲ್ಲಿ ಕೆಸರು ಕಂಕುಳಿಗೆ ಬಂತು. ಸಾಯೋಕೆ ಮುಂಚೆ ಒಂದಾದರೂ ನಿಜ ಹೇಳಿ ಸಾಯೋಣ ಅನ್ನಿಸಿತು. ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ, ಬಾಯಿಗೆ ಹಾರಿದ ಕೆಸರು ಉಗುಳುತ್ತಾ ಕೂಗಿದೆ: "ತಾತಾ, ಅವತ್ತು ಮೂರು ಸಲ ನಿಮ್ಮನ್ನ ಕರೆದಿದ್ದು ನಾನೇ!"



"ಕೇಳಿದ್ರೇನ್ರೋ? ದೆವ್ವ ತಾನೇ ಒಪ್ಕೊಂಡ್ತು!" ಅಂದರು ತಾತ. ಎಲ್ಲರೂ ಹತ್ತು ಮಾರು ಹಿಂದಕ್ಕೆ ಹಾರಿದರು.

ಆಗ ಬಂದಳು ಅಜ್ಜಿ. "ಥೂ, ದೆವ್ವಕ್ಕೆ ಇಷ್ಟು ಹೆದರ್ತೀರಲ್ಲ, ನನಗೆ ಹೆದರಲ್ವೇನ್ರೋ?" ಅಂದವಳೇ ಕುಯ್ದಿಟ್ಟಿದ್ದ ಜೊಂಡಿನ ಹೊರೆಗಳನ್ನ ಕೆಸರ ಮೇಲೆ ಹಾಸ್ಕೊಂಡು, ಮಂಡಿಯೂರಿ ನನ್ನತ್ತ ಬಂದಳು. ಗಂಡಸರು ತಲೆ ತಗ್ಗಿಸಿ ಹಿಂದೆ ಬಂದರು. ಹಗ್ಗ ಎಸೆದರು. ನಾನು ಅಳುತ್ತಾ ಹಿಡ್ಕೊಂಡೆ. ಅಜ್ಜಿ ನನ್ನ ಕೈ ಮೇಲೆ ರಪ್ಪನೆ ಕೊಟ್ಟಳು.

"ಬಿಡೋ ಅದನ್ನ. ಎಮ್ಮೆಗೆ."

ಎಮ್ಮೆಗೆ ಹಗ್ಗ ಬಿಗಿದರು. ಹತ್ತು ಜನ ಐಸಾ ಅಂತ ಎಳೆದರು. ಅದು ಕೆಸರು ಕೊಡವಿ, ದಡ ಹತ್ತಿ, ಹುಲ್ಲಿಗೆ ಬಾಯಿ ಹಾಕಿತು. ನಾನು ಅಜ್ಜಿ ಹಾಸಿದ ಜೊಂಡಿನ ಹೊರೆ ತಬ್ಕೊಂಡು ಇನ್ನೂ ಕೆಸರಲ್ಲೇ ನೋಡ್ತಾ ಇದ್ದೆ.

"ಅಜ್ಜೀ, ನಾನು ನಿನ್ ಮೊಮ್ಮಗ ಕಣಜ್ಜೀ!"

ಅಜ್ಜಿ ದಡದಲ್ಲಿ ಎಮ್ಮೆ ಹೊಟ್ಟೆ ಮೇಲೆ ಕೈಯಿಟ್ಟು ಕರು ಮಿಸುಕುತ್ತಾ ಅಂತ ನೋಡ್ತಿದ್ದಳು. ತಿರುಗಲೂ ಇಲ್ಲ.

"ಬಂದೆ, ಇರೋ. ನೀನೂ ಗಬ್ಬ ಆಗಿದ್ದಿದ್ರೆ ನಿನ್ನನ್ನೇ ಮೊದ್ಲು ಎಳೆಸ್ತಿದ್ದೆ."