ಹಿಂದಿನ ಸೀಟಿಲ್ಲದ ಕಾರು

ವಯಸ್ಸಾಗುತ್ತ ಬಂದಂತೆ ಕೆಲವರಿಗೆ ದೇವರ ಮೇಲೆ ಭಕ್ತಿ ಹುಟ್ಟುತ್ತದೆ, ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ. ನನಗೆ ಎರಡೂ ಬರುವ ಮೊದಲೇ ವೇಗದ ಹುಚ್ಚು ಹಿಡಿಯಿತು. ಚನ್ನಗಿರಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳುವ ಮೇಷ್ಟರು ನಾನು. ಸ್ಕೂಟರನ್ನು ರಸ್ತೆಯ ಅಂಚಿಗೆ ಒತ್ತಿಕೊಂಡೇ ಓಡಿಸುತ್ತೇನೆ. ಎಮ್ಮೆ ಅಡ್ಡ ನಿಂತರೆ ಅದು ಮನಸ್ಸು ಮಾಡುವವರೆಗೂ ಕಾಯುತ್ತೇನೆ. ಇಂಥವನು ಮನೆಯಂಗಳದಲ್ಲಿ ರೇಸು ಕಾರು ಕಟ್ಟಲು ಹೊರಟಿದ್ದೆ ಎಂದು ಹೇಳಿಕೊಳ್ಳುವುದಕ್ಕೇ ನಾಚಿಕೆಯಾಗುತ್ತದೆ. ಆದರೆ ಹೊನ್ನಾಳಿಯಿಂದ ನ್ಯಾಮತಿಯವರೆಗೆ ಎಲ್ಲರೂ ಕಣ್ಣಾರೆ ಕಂಡಿರುವ ಕಾರನ್ನು ನಿಮ್ಮೊಬ್ಬರಿಂದ ಮುಚ್ಚಿಟ್ಟು ಏನು ಬಂತು?

ಕಾರು ನಾನು ಕೊಂಡದ್ದಲ್ಲ, ಹೊನ್ನಾಳಿಯ ನಮ್ಮ ಮಾವನವರದು. ಎರಡೇ ಬಾಗಿಲು, ಹಿಂದಕ್ಕೆ ಇಳಿಜಾರಾದ ಬೆನ್ನು. ಬಲ್ಲವರು ಇಂಥದ್ದನ್ನು ಕೂಪೆ ಎನ್ನುತ್ತಾರೆ. ನಮ್ಮ ಬೀದಿಯವರು ಆಮೆ ಎನ್ನುತ್ತಾರೆ. ಆ ಮನೆಯ ಹೆಣ್ಣುಮಕ್ಕಳೆಲ್ಲ ಗಂಡನ ಮನೆಗೆ ಹೋದದ್ದು ಅದರ ಹಿಂದಿನ ಸೀಟಿನಲ್ಲೇ. ನನ್ನ ಹೆಂಡತಿ ಗಿರಿಜಾ ಕೂಡ ಹಾಗೆಯೇ ಬಂದವಳು. ದಾರಿಯಲ್ಲಿ ನನಗೆ ವಾಂತಿಯಾಗಿ, ಹೊಸ ಮದುವಣಗಿತ್ತಿಯೇ ನನ್ನ ಬಾಸಿಂಗ ಹಿಡಿದುಕೊಂಡು ಕೂತಿದ್ದಳು. ಆ ಮಾತು ಬೇರೆ. ಮಾವನವರು ತೀರಿಕೊಂಡ ಮೇಲೆ ಅತ್ತೆ ಕಾರನ್ನು ನನಗೆ ಒಪ್ಪಿಸುತ್ತ ಒಂದೇ ಮಾತು ಹೇಳಿದರು: "ದೊಡ್ಡ ಮಗಳ ಮಗಳು ಚೈತ್ರಾ ಒಬ್ಳು ಉಳಿದಾಳೆ ಅಳಿಯಂದ್ರೇ. ಅವಳೂ ಇದ್ರಾಗೇ ಗಂಡನ ಮನೆಗೆ ಹೋಗ್ಬೇಕು ನೋಡ್ರಿ." ಚೈತ್ರಾ ಜಗಳೂರಿನಲ್ಲಿ ದನದ ಡಾಕ್ಟರು, ಸೊಕ್ಕೆ ಕಡೆಯ ಹಳ್ಳಿಗಳಿಗೆ ಜೀಪು ತಾನೇ ಓಡಿಸಿಕೊಂಡು ಹೋಗುವ ಗಟ್ಟಿಗಿತ್ತಿ. ಸದ್ಯಕ್ಕೆ ಮದುವೆ ಬೇಡ ಎನ್ನುತ್ತಿದ್ದಳು. ಆ ಧೈರ್ಯದ ಮೇಲೆ ನಾನು ಎದೆ ತಟ್ಟಿಕೊಂಡು ಮಾತು ಕೊಟ್ಟೆ.

ಆಮೇಲೆ ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಇಂಥದ್ದೇ ಹಳೇ ಕಾರನ್ನು ಮನೆಯಲ್ಲೇ ಬಿಚ್ಚಿ ರೇಸಿಗೆ ಸಿದ್ಧ ಮಾಡುವುದನ್ನು ನೋಡಿದೆ. ತೂಕ ಇಳಿದರೆ ವೇಗ ಏರುತ್ತದೆ ಎಂಬ ಪಾಠವನ್ನು ನಾನೇ ಎಷ್ಟೋ ವರ್ಷದಿಂದ ಮಕ್ಕಳಿಗೆ ಹೇಳುತ್ತಿದ್ದೇನಲ್ಲ! ಕಾಲೊರಸು ತೆಗೆದೆ, ಬಾಗಿಲಿನ ಒಳಗಿನ ಹಲಗೆ ತೆಗೆದೆ, ಹಿಂದಿನ ಸೀಟು ಬಿಚ್ಚಿ ಜಗಲಿಯ ಮೇಲಿಟ್ಟೆ, ಮುಂದಿನ ಎಡಗಡೆಯ ಸೀಟನ್ನೂ ಬಿಚ್ಚಿದೆ. ಗಿರಿಜಾ ಬಾಗಿಲಲ್ಲಿ ನಿಂತು ನೋಡಿದಳು. "ತೂಕನೇ ಇಳಿಸ್ಬೇಕು ಅಂದ್ರೆ ಮೊದ್ಲು ನಿಮ್ಮ ಹೊಟ್ಟೆ ಇಳಿಸ್ರಿ. ಸೀಟು ಏನು ಮಾಡಿತ್ತು ನಿಮಗೆ?" ನಾನು ಮುಂದಿನ ಬೋಲ್ಟಿಗೆ ಕೈ ಹಾಕಿದೆ. ವಿಜ್ಞಾನಿಗಳನ್ನು ಮನೆಯವರು ಅರ್ಥ ಮಾಡಿಕೊಂಡದ್ದು ಯಾವ ಕಾಲದಲ್ಲಿ?

ರೇಸು ಕಾರು ಮಗುಚಿದರೆ ಒಳಗಿನವನ ತಲೆ ಉಳಿಯಲಿ ಎಂದು ಕಬ್ಬಿಣದ ಕೊಳವೆಗಳ ಒಂದು ಪಂಜರ ಕೂರಿಸುತ್ತಾರೆ. ಅದನ್ನು ಮಾಡಿಸಲು ನಾನು ಹಿಡಿದದ್ದು ಊರಿನಲ್ಲಿ ಗೇಟು, ಕಿಟಕಿ ಗ್ರಿಲ್ಲು ಮಾಡುವ ವೆಲ್ಡಿಂಗ್ ಪರಮೇಶಿಯನ್ನು. ಮೊಬೈಲಿನ ಚಿತ್ರ ತೋರಿಸಿ, ಗಟ್ಟಿಯಾಗಿರಲಿ ಎಂದು ಹೇಳಿ ಶಾಲೆಗೆ ಹೋದೆ. ಸಂಜೆ ಬಂದು ನೋಡಿದರೆ ಕಾರಿನೊಳಗೆ ನಮ್ಮೂರಿನ ಯಾವುದೋ ಹೊಸ ಮನೆಯ ಮುಂಬಾಗಿಲು ನಿಂತಿತ್ತು. ಡ್ರೈವರ್ ಸೀಟೊಂದನ್ನು ಬಿಟ್ಟು ಎಡಕ್ಕೂ ಹಿಂದಕ್ಕೂ ಗೇಣಿಗೊಂದು ಸರಳು, ನಡುವೆ ಅರಳಿದ ಕಮಲದ ಹೂವು. ಪರಮೇಶಿ ಹೆಮ್ಮೆಯಿಂದ ಸರಳು ತಟ್ಟಿ ತೋರಿಸಿದ. "ಕಳ್ಳ ಇರ್ಲಿ ಸಾರ್, ಬೆಕ್ಕು ಸೈತ ಒಳಗೆ ಬರಾಕೆ ಆಗಲ್ಲ." ಕಮಲ ಚೆನ್ನಾಗಿ ಬಂದಿತ್ತು, ಸುಳ್ಳೇಕೆ ಹೇಳಲಿ. ಬಯ್ಯಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಚೈತ್ರಾ ನ್ಯಾಮತಿಯ ಹುಡುಗನೊಬ್ಬನನ್ನು ಒಪ್ಪಿಕೊಂಡಳು. ಮದುವೆಗೆ ಮುಹೂರ್ತವೂ ಹತ್ತಿರದಲ್ಲೇ ಸಿಕ್ಕಿತು. ಮದುವೆ ಕೆಲಸಕ್ಕೆಂದು ಗಿರಿಜಾ ಮುಂಚೆಯೇ ಹೊನ್ನಾಳಿಗೆ ಹೋದಳು. ಹೋಗುವಾಗ, ಸೀಟು ಕೂರಿಸದೆ ಬಂದರೆ ತನ್ನ ಮುಖ ನೋಡಬೇಡಿ ಎಂದು ಹೇಳಿಯೇ ಹೋದಳು. ಸರಳು ಕೊಯ್ದು ತೆಗೆಸಲು ನಾನು ಪರಮೇಶಿಯ ಹತ್ತಿರ ಓಡಿದೆ. ಅವನು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. "ಟಾಪಿಗೆ ಸೇರಿಸಿ ವೆಲ್ಡಿಂಗ್ ಹೊಡೆದೀನಿ ಸಾರ್. ಕೊಯ್ಯಾಕೆ ಹೋದ್ರೆ ಟಾಪೇ ಕೈಗೆ ಬರ್ತೈತೆ." ಅಂದು ಸಂಜೆಯೇ ಗಿರಿಜಾಳ ಫೋನು. ಕಾರು ರೆಡಿ ಇದೆಯಾ ಎಂದಳು. ರೆಡಿ ಇದೆ ಎಂದೆ. ಸೀಟು ಎಂದಳು. ಹಾಕಿದ್ದೇನೆ ಎಂದೆ. ನಿಜ ಹೇಳಿದ್ದರೆ ಬೇರೆ ಕಾರು ಗೊತ್ತು ಮಾಡಿಕೊಳ್ಳಲು ಅವರಿಗೆ ಅವಕಾಶವಾದರೂ ಇರುತ್ತಿತ್ತು. ನನ್ನ ಆ ಒಂದು ಸುಳ್ಳು ಅದನ್ನೂ ಕಳೆಯಿತು.

ಮದುವೆಯ ದಿನ ಮಂಟಪದ ಹಿಂದೆ ಗೋಡೆಗೆ ಒತ್ತಿ ಕಾರು ನಿಲ್ಲಿಸಿ, ಊಟದಲ್ಲೂ ತಲೆ ಎತ್ತದೆ ಕೂತಿದ್ದೆ. ಹೆಣ್ಣು ಒಪ್ಪಿಸುವ ಶಾಸ್ತ್ರ ಮುಗಿಯಿತು. ಹುಡುಗರು ಕಾರಿಗೆ ಚೆಂಡು ಹೂವಿನ ಸರ ಸುತ್ತಿ ಮುಂದಕ್ಕೆ ತಳ್ಳಿಕೊಂಡು ಬಂದರು. ಅಜ್ಜಿಯೇ ಆರತಿ ಎತ್ತಬೇಕೆಂದು ಚೈತ್ರಾ ಹಟ ಹಿಡಿದಿದ್ದರಿಂದ ಅತ್ತೆ ಆರತಿ ತಟ್ಟೆ ಹಿಡಿದು ಬಂದು, ಕಾರಿನ ಬಾಗಿಲು ತೆಗೆದು ಒಳಗೆ ಬಗ್ಗಿದರು. ಸ್ವಲ್ಪ ಹೊತ್ತು ಬಗ್ಗಿಯೇ ಇದ್ದರು.

"ಹಿಂದಿನ ಸೀಟು ಎಲ್ಲೈತ್ರೀ ಅಳಿಯಂದ್ರೇ?"

ಜಗಲಿ ಮೇಲೆ ಎಂದೆ. ಅವರು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಹಂಗಾರೆ ಇರ್ಲಿ ಬಿಡ್ರಿ" ಎಂದು ಆರತಿ ತಟ್ಟೆಯನ್ನು ಸೆರಗಿನ ಮರೆಗೆ ತೆಗೆದುಕೊಂಡರು. ಆ ಮರ್ಯಾದೆಯ ಮಾತು ಚುಚ್ಚಿದಷ್ಟು ಇನ್ನಾವುದೂ ನನ್ನನ್ನು ಚುಚ್ಚಿಲ್ಲ. ಮದುಮಗ ಸರಳುಗಳ ನಡುವೆ ತೂರಬಹುದೇ ಎಂದು ಒಂದು ಕಾಲು ಹಾಕಿ ನೋಡಿ, ಕಮಲಕ್ಕೆ ಪಂಚೆ ಸಿಕ್ಕಿಸಿಕೊಂಡು ಹಿಂದಕ್ಕೆ ಬಂದ. ಗಿರಿಜಾ ನನ್ನನ್ನು ನೋಡಲಿಲ್ಲ, ಹೇಳಿದಂತೆಯೇ ನಡೆದುಕೊಂಡಳು. ಭೂಮಿ ಬಾಯಿ ಬಿಡಬಾರದೇ ಅಂದುಕೊಂಡೆ.

ಆಗ ಚೈತ್ರಾ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. "ಕೀ ಕೊಡ್ರಿ ಚಿಕ್ಕಪ್ಪ. ಅಜ್ಜಿ, ನಾನು ಇದ್ರಾಗೇ ಹೋಗ್ತೀನಿ, ನೀವು ಆರತಿ ಎತ್ರಿ." ಬಾಸಿಂಗ ಬಿಚ್ಚಿ ಗಂಡನ ಕೈಗೆ ಕೊಟ್ಟು, ನಾನು ಹಾಕಿಸಿದ್ದ ರೇಸಿನವರ ಬೆಲ್ಟನ್ನು ರೇಷ್ಮೆ ಸೀರೆಯ ಮೇಲೆ ಎಳೆದು ಕಟ್ಟಿಕೊಂಡು ಹೊರಟೇಬಿಟ್ಟಳು. ನಾನು ಸೈಲೆನ್ಸರ್ ಕೂಡ ತೆಗೆಸಿದ್ದೆ. ಓಲಗದವರು ಸೋತು ವಾದ್ಯ ಕೆಳಗಿಟ್ಟರು.

ಹಿಂದೆ ನಮ್ಮ ಟೆಂಪೋ. ಮದುಮಗ ಎರಡೂ ಬಾಸಿಂಗ ತೊಡೆಯ ಮೇಲಿಟ್ಟುಕೊಂಡು ಡ್ರೈವರ್ ಪಕ್ಕದಲ್ಲಿ. ನಾನು ಅತ್ತೆಯ ಪಕ್ಕದಲ್ಲಿ. ನ್ಯಾಮತಿ ಹತ್ತಿರ ಬಂದಾಗ ಅತ್ತೆ ಕಿಟಕಿಯ ಕಡೆ ನೋಡುತ್ತಲೇ, "ನಮ್ಮ ಮನೆಯವ್ರು ಇದ್ದಾಗ ನಾನು ಒಂದಿನಾನೂ ಆ ಕಾರಿನ ಮುಂದಿನ ಸೀಟಿನಾಗೆ ಕೂತೋಳಲ್ಲ" ಎಂದರು. ಅದು ಬೈಗುಳವೋ ಸಮಾಧಾನವೋ ಕೇಳುವ ಧೈರ್ಯ ನನಗಿರಲಿಲ್ಲ.

ನಾವು ತಲುಪುವಾಗ ಹೊಸ್ತಿಲ ಮೇಲೆ ಸೇರಕ್ಕಿ ಕಾದಿತ್ತು, ಸೊಸೆಯೂ ಹೊರಗೆ ಕಾಯುತ್ತಿದ್ದಳು. ಒಬ್ಬಳೇ ಬಂದಿಳಿದ ಸೊಸೆಯನ್ನು ನೋಡಿ ಬೀಗಿತ್ತಿ, "ನಮ್ಮ ಹುಡುಗ ಎಲ್ಲವ್ವಾ?" ಎಂದು ಕೇಳಿದರಂತೆ. "ಹಿಂದೆ ಬರ್ತಾ ಅವ್ರೆ ಅತ್ತೆ" ಎಂದಳಂತೆ ಚೈತ್ರಾ. ಮದುಮಗ ಇಳಿದು ಹೋಗಿ ಅವಳ ಪಕ್ಕ ನಿಂತ ಮೇಲೆ ಸೇರು ಉರುಳಿತು. ನಾನು ಟೆಂಪೋದ ಮರೆಯಲ್ಲಿದ್ದೆ. ಮದುಮಗನ ತಾತ ನನ್ನನ್ನು ಹುಡುಕಿಕೊಂಡು ಬಂದು ಕೈ ಹಿಡಿದು ಎಲ್ಲರ ಮುಂದೆ ನಿಲ್ಲಿಸಿದರು. "ನೋಡ್ರಪ್ಪ, ಹೆಣ್ಣುಮಗಳು ಯಾರ ಹಿಂದೆನೂ ಕೂರ್ಬಾರ್ದು ಅಂತ ಒಂದೇ ಸೀಟಿನ ಕಾರು ಮಾಡಿಸ್ಯಾರೆ. ಮೇಷ್ಟ್ರು ಅಂದ್ರೆ ಹಿಂಗಿರ್ಬೇಕು" ಎಂದು ನನಗೆ ಶಾಲು ಹೊದಿಸಿದರು. ಅಲ್ಲ ಎನ್ನಲು ಬಾಯಿ ತೆರೆದೆ. ಜನ ಚಪ್ಪಾಳೆ ತಟ್ಟಿದರು. ತೆರೆದ ಬಾಯಿ ನಗುವಾಗಿ ನಿಂತಿತು. ಆ ಗುಂಪಿನಲ್ಲಿ ಅತ್ತೆಯೂ ಗಿರಿಜಾಳೂ ಇದ್ದರು. ಅವರು ಚಪ್ಪಾಳೆ ತಟ್ಟಲಿಲ್ಲ, ನಿಜ ಹೇಳಿ ನನ್ನ ಮಾನ ಕಳೆಯಲೂ ಇಲ್ಲ.

ಕಾರು ಈಗ ಚೈತ್ರಾಳ ಹತ್ತಿರವೇ ಇದೆ. ಸೀಟು ಮಾತ್ರ ನಮ್ಮ ಜಗಲಿಯ ಮೇಲೇ ಉಳಿದಿದೆ. ಗಿರಿಜಾ ಅದರ ಮೇಲೆ ಆ ಶಾಲನ್ನೇ ಹಾಸಿದ್ದಾಳೆ. ಬಂದವರೆಲ್ಲ ಆರಾಮಾಗಿ ಕೂತು ಕಾಫಿ ಕುಡಿದು, ಎಷ್ಟು ಮೆತ್ತಗಿದೆ ಎಂದು ಹೊಗಳಿ, ನೀವೂ ಕೂತುಕೊಳ್ಳಿ ಮೇಷ್ಟ್ರೇ ಎನ್ನುತ್ತಾರೆ. ಪರವಾಗಿಲ್ಲ ಎಂದು ನಾನು ಕಂಬಕ್ಕೆ ಒರಗಿ ನಿಂತೇ ಇರುತ್ತೇನೆ.